ಹಳೆಯ ಲಾರಿಯ ಜೀರ್ಣೋದ್ಧಾರ ಕೈಮೀರದಂತೆ ನಡೆಸುವ ಬಗೆ

ಮಾಲೂರಿನ ಬಳಿಯ ಇಟ್ಟಿಗೆ ಗೂಡೊಂದರ ಹಿಂಬದಿಯಲ್ಲಿ ಹನ್ನೊಂದು ವರ್ಷ ನಿಂತಲ್ಲೇ ನಿಂತಿದ್ದ 1967ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯನ್ನು ಕೊಂಡು, ಮಾಗಡಿ ರಸ್ತೆಯಾಚೆಗಿನ ಶೆಡ್ಡೊಂದಕ್ಕೆ ಎಳೆಸಿಕೊಂಡು ಬಂದ ದಿನ, ಹದಿನೆಂಟು ತಿಂಗಳಲ್ಲಿ ಅದನ್ನು ಓಡಿಸುತ್ತೇನೆಂದು ಲೆಕ್ಕ ಹಾಕಿದ್ದೆ. ಅದು ಓಡಿದ್ದು ಐವತ್ತನಾಲ್ಕನೆಯ ತಿಂಗಳಲ್ಲಿ. ಬಿಡಿಭಾಗಗಳು ಸಿಗದೆ ಹೀಗಾಯಿತೆಂದು ಬಹಳ ಕಾಲ ಎಲ್ಲರಿಗೂ ಹೇಳುತ್ತಿದ್ದೆ. ಆದರೆ ಲೆಕ್ಕದ ಪುಸ್ತಕ ತೆರೆದು ತಿಂಗಳು ತಿಂಗಳಿನ ಕೆಲಸವನ್ನು ಸಾಲಾಗಿ ನೋಡಿದಾಗ, ಮೊದಲ ತಿಂಗಳಲ್ಲಿಯೇ ಇಡೀ ಲಾರಿಯನ್ನು ಬಿಚ್ಚಿ ಹರಡಿದ್ದೇ ಮೂಲ ಕಾರಣವೆಂಬುದು ಸ್ಪಷ್ಟವಾಯಿತು. ಬಿಚ್ಚಲು ಇಬ್ಬರಿಗೆ ಒಂಬತ್ತು ದಿನ ಸಾಕಾಯಿತು. ಕೂಡಿಸಲು ನಾಲ್ಕು ವರ್ಷ ಹಿಡಿಯಿತು.

ಗ್ಯಾರೇಜಿನಲ್ಲಿ ಎಲ್ಲರೂ ಆಡುವ ಒಂದು ಮಾತಿದೆ: ‘ಸಾರ್, ಹೆಂಗೂ ಬಿಚ್ಚಿದೀವಿ, ಇದ್ನೂ ಮಾಡ್ಸಿಬಿಡಿ.’ ಮೇಸ್ತ್ರಿ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆ ಕ್ಷಣದಲ್ಲಿ ಅದು ಸರಿಯೆಂದೇ ತೋರುತ್ತದೆ. ಕ್ಲಚ್ ಪ್ಲೇಟ್ ಬದಲಿಸಲು ಗೇರ್ ಬಾಕ್ಸ್ ಇಳಿಸಿದರೆ, ಹೇಗೂ ಇಳಿಸಿದ್ದೇವೆಂದು ಅದರ ಬೇರಿಂಗ್. ಬೇರಿಂಗ್ ತೆಗೆದ ಮೇಲೆ ಹೇಗೂ ತೆಗೆದಿದ್ದೇವೆಂದು ಗೇರುಗಳು. ಗೇರ್ ಬಾಕ್ಸ್ ಕೆಳಗಿರುವಾಗ ಹೇಗೂ ಜಾಗವಿದೆಯೆಂದು ಎಂಜಿನ್. ಹೀಗೆ ಒಂದು ಭಾನುವಾರದ ಕೆಲಸ ಒಂದು ವರ್ಷದ ಕೆಲಸವಾಗುತ್ತದೆ. ಈ ‘ಹೇಗೂ’ವಿಗೆ ಯಾವಾಗ ಒಪ್ಪಬೇಕು, ಯಾವಾಗ ಒಪ್ಪಬಾರದು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ನಿಶ್ಚಯಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳು ಬೆಂಜ್ ಲಾರಿಯವಾದರೂ ಫಾರ್ಗೊ, ಬೆಡ್‌ಫೋರ್ಡ್, ಲೇಲ್ಯಾಂಡ್ ಕಾಮೆಟ್, ಮ್ಯಾಟಡೋರ್ ಯಾವುದಕ್ಕಾದರೂ ಈ ಕ್ರಮ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಕಾಗದಪತ್ರ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನೋಂದಣಿ ಪುಸ್ತಕ ಕೈಯಲ್ಲಿರಬೇಕು. ಮೈಸೂರು ರಾಜ್ಯದ ಕಾಲದ, ‘ಎಂವೈ’ ಎಂದು ಆರಂಭವಾಗುವ ಸಂಖ್ಯೆಯ ಲಾರಿಗಳ ದಾಖಲೆ ಪರಿವಾಹನ್ ಜಾಲತಾಣದಲ್ಲಿ ಕಾಣಿಸದಿದ್ದರೆ, ನೋಂದಣಿಯಾದ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ ‘ಬಿ ರಿಜಿಸ್ಟರ್’ (ವಾಹನದ ನೋಂದಣಿ ವಿವರಗಳಿರುವ ಕಚೇರಿಯ ದಾಖಲೆ) ನಕಲಿಗೆ ಅರ್ಜಿ ಕೊಡಬೇಕು. ಆ ನಕಲಿನಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಲಾರಿಯ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಚಾಸಿಯ ಸಂಖ್ಯೆ ತುಕ್ಕಿನ ಅಡಿಯಲ್ಲಿ ಅಡಗಿದ್ದರೆ ಸೀಮೆಎಣ್ಣೆ ಮತ್ತು ಮೃದುವಾದ ಬ್ರಷ್‌ನಿಂದ ಮಾತ್ರ ಒರೆಸಬೇಕು. ಗ್ರೈಂಡರ್ ಹಿಡಿದರೆ ಸಂಖ್ಯೆಯೇ ಅಳಿಸಿಹೋಗಿ, ಯಾವ ಕಚೇರಿಯೂ ಒಪ್ಪದ ಕಬ್ಬಿಣದ ರಾಶಿ ಉಳಿಯುತ್ತದೆ.

ನನ್ನ ಲಾರಿಯಲ್ಲಿದ್ದ ಎಂಜಿನ್ ಬೇರೊಂದು ಟಾಟಾ ಲಾರಿಯಿಂದ ತಂದು ಕೂರಿಸಿದ್ದಾಗಿತ್ತು. ಆರು ಸಿಲಿಂಡರ್, 92 ಮಿ.ಮೀ. ಬೋರ್ (ಸಿಲಿಂಡರ್‌ನ ಒಳ ವ್ಯಾಸ) ಎಂಬುದನ್ನು ಹೆಸರಿನಲ್ಲಿಯೇ ಹೊತ್ತ ಟಾಟಾ 692 ಅದು; ಒಳ್ಳೆಯ ಎಂಜಿನ್, ಆದರೆ ಪುಸ್ತಕದಲ್ಲಿದ್ದ ಸಂಖ್ಯೆ ಬೇರೆ. ಇದನ್ನು ಅರ್ಧ ಕೆಲಸ ಮುಗಿದ ಮೇಲೆ ಕಂಡುಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿಯಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆಯನ್ನು ದಾಖಲೆಗೆ ತರುವ ಓಡಾಟ ನನ್ನ ಪಾಲಿಗೆ ಬಂತು.

ಇನ್ನೊಂದು ವಿಷಯವನ್ನು ಆರಂಭದಲ್ಲಿಯೇ ತಿಳಿದಿರಬೇಕು. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಪ್ರತ್ಯೇಕ ನೋಂದಣಿಯಿದೆ. ಹೊಸದಾಗಿ ಹಾಗೆ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ವಾಹನಗಳನ್ನು ಬಾಡಿಗೆಗಾಗಲೀ ದಿನಬಳಕೆಗಾಗಲೀ ಓಡಿಸುವಂತಿಲ್ಲ. ಆದರೆ ಈ ನಿಯಮಗಳು ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ಮುಂದಿಟ್ಟುಕೊಂಡು ರೂಪಿಸಿದವು. ಸರಕು ಲಾರಿಯ ಮಾಲೀಕರು ಈ ದಾರಿ ತಮಗೂ ಇದೆಯೆಂದು ಭಾವಿಸಿಕೊಂಡು ಖರ್ಚಿಗೆ ಇಳಿಯಬಾರದು. ನಿಮ್ಮ ಲಾರಿಯನ್ನು ಯಾವ ವರ್ಗದಲ್ಲಿ ಮುಂದುವರಿಸಬಹುದೆಂದು ಸಾರಿಗೆ ಕಚೇರಿಗೆ ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಮುಂದಿನ ಹೆಜ್ಜೆ ಇಡಿ. ಬಾಡಿ ಹೇಗಿರಬೇಕು, ಎಂಜಿನ್ ಯಾವುದಿರಬೇಕು, ಎಫ್.ಸಿ. (ವಾಹನದ ಅರ್ಹತಾ ಪ್ರಮಾಣಪತ್ರ) ಪರೀಕ್ಷೆ ಬೇಕೇ ಎಂಬ ಎಲ್ಲವೂ ಆ ಉತ್ತರವನ್ನು ಅವಲಂಬಿಸಿರುತ್ತವೆ.

ಎರಡನೆಯ ಹೆಜ್ಜೆ: ಒಂದು ಪುಟದ ನಿರ್ಧಾರ ಪತ್ರ

ಒಂದು ಹಾಳೆ ತೆಗೆದುಕೊಂಡು, ಕೆಲಸ ಮುಗಿದಾಗ ಲಾರಿ ಹೇಗಿರಬೇಕೆಂಬುದನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ‘ಚೆನ್ನಾಗಿರಬೇಕು’ ಎಂದು ಬರೆದರೆ ಉಪಯೋಗವಿಲ್ಲ. ‘ಖಾಲಿ ತೊಟ್ಟಿಯೊಂದಿಗೆ ಬೆಂಗಳೂರಿನಿಂದ ಮೈಸೂರಿಗೆ ಗಂಟೆಗೆ 45 ಕಿ.ಮೀ. ವೇಗದಲ್ಲಿ ನಿಲ್ಲದೆ ಹೋಗಿಬರಬೇಕು. ಕ್ಯಾಬಿನ್‌ಗೆ ಮಳೆನೀರು ಸೋರಬಾರದು. ಬಣ್ಣ ದೂರದಿಂದ ಅಚ್ಚುಕಟ್ಟಾಗಿ ಕಂಡರೆ ಸಾಕು’ ಎಂಬಂತೆ ಅಳೆದು ನೋಡಬಹುದಾದ ಮಾತುಗಳಿರಬೇಕು. ಅದರ ಕೆಳಗೆ ಒಂದು ಗೆರೆ ಎಳೆದು, ಏನನ್ನು ಮಾಡುವುದಿಲ್ಲವೆಂಬುದನ್ನೂ ಬರೆಯಿರಿ: ಪವರ್ ಸ್ಟೀರಿಂಗ್ ಹಾಕಿಸುವುದಿಲ್ಲ, ಕ್ರೋಮ್ ಮಾಡಿಸುವುದಿಲ್ಲ, ಟರ್ಬೊ ಕೂರಿಸುವುದಿಲ್ಲ. ಮೇಲಿನ ಭಾಗಕ್ಕಿಂತ ಈ ಕೆಳಗಿನ ಭಾಗವೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ದೇಶದ ಲಾರಿಗಳಲ್ಲಿ ‘ಮೂಲ ರೂಪ’ ಎಂಬುದೇ ಸುಲಭವಾಗಿ ಸಿಗುವ ವಸ್ತುವಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಮಂದಿಯ ಹಣ ಕರಗುವುದು ಈ ಹುಡುಕಾಟದಲ್ಲಿಯೇ. ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್) ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಒಪ್ಪಂದ 1969ರಲ್ಲಿ ಮುಗಿದ ಮೇಲೆ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ಟಾಟಾದ ‘ಟಿ’ ಬಂದಿತು. ಆದರೆ ಆ ಕಾಲದ ಲಾರಿಗಳಲ್ಲಿ ಬಹುಪಾಲು ಕಾರ್ಖಾನೆಯಿಂದ ಹೊರಬರುತ್ತಿದ್ದುದು ಚಾಸಿ, ಎಂಜಿನ್, ಬಾನೆಟ್ ಮತ್ತು ಅದರ ಹಿಂದಿನ ಕೌಲ್‌ವರೆಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಮಾತ್ರ. ಕ್ಯಾಬಿನ್ ಮತ್ತು ಹಿಂಬದಿಯ ತೊಟ್ಟಿಯನ್ನು ಮರ ಹಾಗೂ ತಗಡಿನಲ್ಲಿ ಕಟ್ಟುತ್ತಿದ್ದವರು ಆಯಾ ಊರಿನ ಬಾಡಿ ಕಟ್ಟುವ ಬಡಗಿಗಳು ಮತ್ತು ಟಿಂಕರ್‌ಗಳು. ಒಂದೇ ವರ್ಷದ ಎರಡು ಲಾರಿಗಳ ಕ್ಯಾಬಿನ್ ಒಂದೇ ರೀತಿ ಇರಬೇಕಾಗಿರಲಿಲ್ಲ. ಹತ್ತಾರು ವರ್ಷದ ದುಡಿಮೆಯಲ್ಲಿ ಆ ಕ್ಯಾಬಿನ್ ಎರಡು ಮೂರು ಸಲ ಬದಲಾಗಿರುವುದೂ ಉಂಟು.

ಹೀಗಿರುವಾಗ ಜರ್ಮನಿಯ ಹಳೆಯ ಛಾಯಾಚಿತ್ರವೊಂದನ್ನು ಮುಂದಿಟ್ಟುಕೊಂಡು, ನಮ್ಮ ಲಾರಿಗೆ ಎಂದೂ ಇಲ್ಲದಿದ್ದ ಉಕ್ಕಿನ ಕ್ಯಾಬಿನ್ ಕಟ್ಟಿಸಲು ಹೊರಡುವುದು ಸರಿಯಲ್ಲ. ನಾನು ಎಂಟು ತಿಂಗಳು ಅದೇ ಕೆಲಸ ಮಾಡಿದೆ, ಎರಡು ಕ್ಯಾಬಿನ್‌ಗಳಿಗೆ ಮುಂಗಡವನ್ನೂ ಕೊಟ್ಟೆ. ಕೊನೆಗೆ ಹಿಂದಿನ ಮಾಲೀಕರ ಮನೆಯಲ್ಲಿ ಸಿಕ್ಕ ಒಂದು ಆಯುಧಪೂಜೆಯ ಫೋಟೊದಲ್ಲಿ, ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದ ಇದೇ ಲಾರಿಯ ಮರದ ಕ್ಯಾಬಿನ್ ಸ್ಪಷ್ಟವಾಗಿ ಕಂಡಿತು, ಅದನ್ನೇ ಗುರಿಯಾಗಿಟ್ಟುಕೊಂಡೆ. ನಿಮ್ಮ ಲಾರಿಯ ಯಾವ ವರ್ಷದ, ಯಾವ ಸ್ಥಿತಿಗೆ ಮರಳುತ್ತೀರೆಂಬುದನ್ನು ನಿರ್ಧಾರ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಬರೆದಿಡಿ, ಸಾಧ್ಯವಾದರೆ ಒಂದು ಫೋಟೊ ಅಂಟಿಸಿ. ಆ ಹಾಳೆ ಶೆಡ್ಡಿನ ಗೋಡೆಯ ಮೇಲಿರಬೇಕು.

ಮೂರನೆಯ ಹೆಜ್ಜೆ: ಬಿಚ್ಚದೆ ತಪಾಸಣೆ

ಬಿಚ್ಚುವ ಮೊದಲು ಲಾರಿಯಿಂದ ತಿಳಿಯಬಹುದಾದದ್ದನ್ನೆಲ್ಲ ತಿಳಿದುಕೊಳ್ಳಬೇಕು. ಬಹಳ ವರ್ಷ ನಿಂತ ಎಂಜಿನ್‌ಗೆ ನೇರವಾಗಿ ಸ್ಟಾರ್ಟರ್ ಹಾಕಬೇಡಿ. ಸಿಲಿಂಡರ್‌ಗಳಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ತೆಗೆದು, ಆ ರಂಧ್ರಗಳ ಮೂಲಕ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರ್‌ಗೆ ಸ್ವಲ್ಪ ಹಾಕಿ ನಾಲ್ಕೈದು ದಿನ ಬಿಡಬೇಕು. ಬಳಿಕ ಕ್ರ್ಯಾಂಕ್‌ನ ಮುಂದಿನ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದಲೇ, ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ನೋಡಬೇಕು. ತಿರುಗಿದರೆ ಆಯಿಲ್ ಬದಲಿಸಿ, ಪಂಪಿಗೆ ಶುದ್ಧ ಡೀಸೆಲ್ ಕೊಟ್ಟು ಎಬ್ಬಿಸಬಹುದು. ಎದ್ದ ಎಂಜಿನ್‌ನ ಆಯಿಲ್ ಪ್ರೆಶರ್, ಹೊಗೆಯ ಬಣ್ಣ, ಉಸಿರುಕೊಳವೆಯಿಂದ ಬರುವ ಗಾಳಿ, ಸಿಲಿಂಡರ್‌ಗಳ ಕಂಪ್ರೆಶನ್ ಇವಿಷ್ಟನ್ನು ಅಳೆದು ಬರೆದಿಟ್ಟುಕೊಂಡರೆ, ಎಂಜಿನ್ ಬಿಚ್ಚಬೇಕೋ ಬೇಡವೋ ಎಂಬ ಅತಿ ದುಬಾರಿ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ನನ್ನ 692 ಎಂಜಿನ್ ಹೀಗೆ ಎಬ್ಬಿಸಿದ್ದರೆ ಏಳುತ್ತಿತ್ತೆಂದು ಈಗ ನಂಬುತ್ತೇನೆ. ಬಿಚ್ಚಿದ ಮೇಲೆ ನೋಡಿದ ಬೋರ್‌ಗಳಲ್ಲಿ ನಾಲ್ಕು ಅಳತೆಯೊಳಗೆಯೇ ಇದ್ದವು.

ಚಾಸಿಯನ್ನು ಕಮಾನು ಪಟ್ಟಿಗಳ ಹ್ಯಾಂಗರ್ ಬಳಿ, ಕ್ರಾಸ್ ಮೆಂಬರ್ ಸೇರುವ ರಿವೆಟ್‌ಗಳ ಸುತ್ತ ಚೆನ್ನಾಗಿ ತೊಳೆದು, ಬಿರುಕಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್ ಪಿನ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಗೂಟ) ಮತ್ತು ಬುಶ್‌ಗಳ ಸವೆತ ತಿಳಿಯುತ್ತದೆ. ಹೌಸಿಂಗ್‌ನ (ಹಿಂದಿನ ಚಕ್ರಗಳ ನಡುವಿನ ಗೇರುಗಳ ಪೆಟ್ಟಿಗೆ) ಆಯಿಲ್ ಅನ್ನು ಒಂದು ತಟ್ಟೆಗೆ ಇಳಿಸಿ, ಅದರಲ್ಲಿ ಲೋಹದ ಚೂರುಗಳಿವೆಯೇ ನೋಡಿ. ಇಲ್ಲದಿದ್ದರೆ ಹೊಸ ಆಯಿಲ್ ತುಂಬಿ ಮುಚ್ಚಿ, ಮತ್ತೆ ಅದರ ತಂಟೆಗೆ ಹೋಗಬೇಡಿ. ಮರದ ಚೌಕಟ್ಟಿಗೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಗೆದ್ದಲು ತಿಂದ ಜಾಗ ಸಿಕ್ಕಿಬೀಳುತ್ತದೆ.

ಈ ತಪಾಸಣೆಗೆ ಎರಡು ಮೂರು ಭಾನುವಾರ ಬೇಕು. ಬಿಚ್ಚುವ ಉತ್ಸಾಹದಲ್ಲಿರುವವರಿಗೆ ಇದು ಕಾಲಹರಣವೆನಿಸುತ್ತದೆ. ಆದರೆ ಒಟ್ಟು ಕೆಲಸದಲ್ಲಿ ಇದಕ್ಕಿಂತ ಲಾಭದ ಗಂಟೆಗಳು ಬೇರೆ ಇಲ್ಲ.

ನಾಲ್ಕನೆಯ ಹೆಜ್ಜೆ: ಚಕ್ರದ ಮೇಲೆ ಉರುಳುತ್ತಿರಲಿ

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಈ ಮಾತು: ಲಾರಿ ಯಾವ ದಿನವೂ ತನ್ನ ಚಕ್ರಗಳ ಮೇಲೆ ನಿಂತು, ನಾಲ್ಕು ಜನ ತಳ್ಳಿದರೆ ಉರುಳುವ ಸ್ಥಿತಿಯಲ್ಲಿರಬೇಕು, ಒಂದು ಭಾಗ ಕೂಡಿಸಿ ಮುಗಿಯದೆ ಇನ್ನೊಂದು ಭಾಗ ಬಿಚ್ಚಬಾರದು. ಶೆಡ್ಡಿನ ಮಾಲೀಕರು ಜಾಗ ಖಾಲಿ ಮಾಡಿಸಿದರೆ ಉರುಳುವ ಲಾರಿಯನ್ನು ಒಂದೇ ದಿನದಲ್ಲಿ ಸಾಗಿಸಬಹುದು. ಬಿಚ್ಚಿದ ಲಾರಿಗೆ ಎರಡು ಟೆಂಪೊ, ಒಂದು ಕ್ರೇನು, ಆರು ಆಳು ಬೇಕು. ಪ್ರತಿ ಸಾಗಣೆಯಲ್ಲಿಯೂ ನಾಲ್ಕಾರು ಭಾಗ ಕಳೆದುಹೋಗುತ್ತವೆ. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಇಪ್ಪತ್ತು ಅಡಿಗೂ ಮೀರಿದ ಲಾರಿಯನ್ನು ಮನೆಯ ಬಳಿ ಇಡುವ ದಾರಿಯಿಲ್ಲ. ನೆಲಮಂಗಲ, ತಾವರೆಕೆರೆ, ಹೊಸಕೋಟೆಯ ಕಡೆಯ ಬಾಡಿಗೆ ಜಾಗವೇ ಗತಿ, ಮತ್ತು ಬಾಡಿಗೆ ಜಾಗ ಎಂದೂ ನಮ್ಮದಲ್ಲ.

ಕೆಲಸದ ಸರದಿ ಹೀಗಿದ್ದರೆ ಒಳ್ಳೆಯದು. ಮೊದಲು ಬ್ರೇಕ್, ಸ್ಟೀರಿಂಗ್, ಚಕ್ರ, ಆಮೇಲೆ ಡೀಸೆಲ್ ಟ್ಯಾಂಕ್, ಪಂಪ್, ರೇಡಿಯೇಟರ್ ಮತ್ತು ಎಂಜಿನ್, ಬಳಿಕ ವೈರಿಂಗ್, ತಪಾಸಣೆಯಲ್ಲಿ ದೋಷ ಕಂಡಿದ್ದರೆ ಮಾತ್ರ ಗೇರ್ ಬಾಕ್ಸ್ ಮತ್ತು ಹೌಸಿಂಗ್, ಎಲ್ಲಕ್ಕೂ ಕೊನೆಗೆ ಮರಗೆಲಸ, ಟಿಂಕರಿಂಗ್, ಬಣ್ಣ. ಬಣ್ಣವನ್ನು ಮೊದಲು ಮುಗಿಸಿದವರು ಎಂಜಿನ್ ಇಳಿಸುವಾಗ ಅದನ್ನೇ ಗೀಚಿಕೊಂಡು ಎರಡನೆಯ ಸಲ ಬಣ್ಣಕ್ಕೆ ಹಣ ಕೊಟ್ಟಿದ್ದನ್ನು ಕಂಡಿದ್ದೇನೆ.

ಚಕ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಲಾರಿಗಳ 9.00-20 ಟೈರುಗಳು ಟ್ಯೂಬ್, ಫ್ಲ್ಯಾಪ್ ಮತ್ತು ಲಾಕ್ ರಿಂಗ್ (ಟೈರನ್ನು ಹಿಡಿದಿಡುವ ಉಕ್ಕಿನ ಬಳೆ) ಇರುವ ಡಿಸ್ಕ್‌ಗಳ, ಅಂದರೆ ಚಕ್ರದ ರಿಮ್‌ಗಳ, ಮೇಲೆ ಕೂರುತ್ತವೆ. ತುಕ್ಕು ತಿಂದ ಲಾಕ್ ರಿಂಗ್ ಗಾಳಿ ತುಂಬುವಾಗ ಸಿಡಿದರೆ ಪ್ರಾಣಕ್ಕೇ ಅಪಾಯ. ಬಿಚ್ಚುವ ಮೊದಲು ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ತುಂಬುವುದನ್ನು ಲಾರಿ ಟೈರಿನ ಅಂಗಡಿಯಲ್ಲಿ, ಕಬ್ಬಿಣದ ಪಂಜರದೊಳಗೆ ಇಟ್ಟೇ ಮಾಡಿಸಬೇಕು. ಹಾಗೆಯೇ, ಡೀಸೆಲ್ ಟ್ಯಾಂಕಿನ ತೂತು ಮುಚ್ಚಲು ಒಳಗಿನ ಆವಿ ಪೂರ್ತಿ ಹೋಗದೆ ವೆಲ್ಡಿಂಗ್‌ಗೆ ಯಾರನ್ನೂ ಒಪ್ಪಿಸಬೇಡಿ.

ಬಿಚ್ಚಿದ ಪ್ರತಿ ಭಾಗದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಒಳಗೊಂದು, ಹೊರಗೊಂದು ಚೀಟಿ ಹಾಕಬೇಕು. ನಾನು ಎಲ್ಲವನ್ನೂ ಮೂರು ಅಕ್ಕಿ ಮೂಟೆಯ ಚೀಲಗಳಲ್ಲಿ ತುಂಬಿಸಿದ್ದೆ. ಅವನ್ನು ವಿಂಗಡಿಸುವುದಕ್ಕೇ ಐದು ಭಾನುವಾರ ಹೋದವು. ಬೆಂಜ್ ಮೂಲದ ಲಾರಿಗೆ ಮಿಲಿಮೀಟರ್ ಅಳತೆಯ ಬೋಲ್ಟುಗಳು. ಇಂಗ್ಲೆಂಡ್ ಮೂಲದ ಹಳೆಯ ಬೆಡ್‌ಫೋರ್ಡ್, ಲೇಲ್ಯಾಂಡ್ ಲಾರಿಗಳಿಗೆ ಇಂಚಿನ ಅಳತೆಯವು. ಇವೆರಡನ್ನು ಬೆರೆಸಿ ಬಲವಂತವಾಗಿ ಬಿಗಿದರೆ ಥ್ರೆಡ್ ಹಾಳಾಗಿ, ಇಲ್ಲದಿದ್ದ ಲೇತ್ ಕೆಲಸ ಹುಟ್ಟಿಕೊಳ್ಳುತ್ತದೆ. ಹೊಸ ಭಾಗ ಲಾರಿಯ ಮೇಲೆ ಕೂತು ಕೆಲಸ ಮಾಡುವವರೆಗೂ ಹಳೆಯ ಭಾಗವನ್ನು ಗುಜರಿಗೆ ಹಾಕಬಾರದು, ಅದು ಎಷ್ಟೇ ಹಾಳಾಗಿರಲಿ; ಅಳತೆಗೆ ಅದೇ ಆಧಾರ.

‘ಹೇಗೂ’ ಪುಸ್ತಕ

ಕೆಲಸದ ನಡುವೆ ಹೊಳೆಯುವ, ಅಥವಾ ಮೇಸ್ತ್ರಿ ಸೂಚಿಸುವ ಪ್ರತಿ ಹೆಚ್ಚುವರಿ ಕೆಲಸವನ್ನೂ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಬೇಕು, ಮತ್ತು ಅಂದೇ ಒಪ್ಪಬಾರದು. ಬರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮಾಡದಿದ್ದರೆ ಲಾರಿ ಅಪಾಯಕಾರಿಯಾಗುತ್ತದೆಯೇ? ಇದನ್ನು ಮುಂದೆ ಮಾಡಿಸಬೇಕಾದರೆ ಇಂದು ಮುಗಿಸಿದ ಕೆಲಸವನ್ನು ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತದೆಯೇ? ಮೊದಲ ಪ್ರಶ್ನೆಗೆ ಹೌದೆಂದರೆ ಚರ್ಚೆಯಿಲ್ಲದೆ ಮಾಡಿಸಿ. ಎರಡನೆಯದಕ್ಕೆ ಹೌದೆಂದರೆ, ಮತ್ತು ಭಾಗ ಕೈಯಲ್ಲಿದ್ದು ಕೆಲಸ ಒಂದು ವಾರದೊಳಗೆ ಮುಗಿಯುವುದಾದರೆ, ಮಾಡಿಸಿ. ಗೇರ್ ಬಾಕ್ಸ್ ಇಳಿಸಿದಾಗ ಅಗ್ಗದ ಆಯಿಲ್ ಸೀಲ್ ಬದಲಿಸುವುದು ಈ ವರ್ಗದ್ದು. ಚೆನ್ನಾಗಿರುವ ಗೇರುಗಳನ್ನು ಬದಲಿಸುವುದು ಅಲ್ಲ. ಉಳಿದದ್ದೆಲ್ಲ ಪುಸ್ತಕದಲ್ಲಿಯೇ ಇರಲಿ, ಲಾರಿ ಓಡಿದ ಮೇಲೆ ನೋಡೋಣ.

ಕ್ಯಾಬಿನ್‌ಗೆ ಚರ್ಮದ ಸೀಟು, ಡ್ಯಾಶ್‌ಬೋರ್ಡಿಗೆ ಹೊಸ ಮೀಟರ್‌ಗಳು, ಬಂಪರ್‌ಗೆ ಕ್ರೋಮ್ ಇಂಥವನ್ನು ಸೇರಿಸುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಬಯಕೆ ಹದಿನೈದು ದಿನದ ನಂತರ ಓದಿದಾಗ ತನ್ನ ಬಿಸಿ ಕಳೆದುಕೊಂಡಿರುತ್ತದೆ. ಮೇಸ್ತ್ರಿಗೂ ಇದರಿಂದ ಅವಮಾನವಾಗುವುದಿಲ್ಲ. ಅವರ ಸಲಹೆಯನ್ನು ಅವರ ಕಣ್ಣೆದುರೇ ಬರೆದುಕೊಳ್ಳುತ್ತೀರಲ್ಲ.

ಎಂಜಿನ್: ಹೆಚ್ಚು ಹಣ ಹೋಗುವ ಜಾಗ

ಎಂಜಿನ್ ಬಿಚ್ಚಲೇಬೇಕಾಗಿ ಬಂದರೆ, ಅಳತೆ ಮೊದಲು, ಬಿಡಿಭಾಗದ ಖರೀದಿ ಆಮೇಲೆ, ಲೇತ್ ಕೆಲಸ ಕೊನೆಗೆ ಎಂಬ ಕ್ರಮ ತಪ್ಪಬಾರದು. ಕ್ರ್ಯಾಂಕ್ ಶಾಫ್ಟ್ ಸವೆದಿದ್ದರೆ ಅದನ್ನು 0.25, 0.50, 0.75 ಅಥವಾ 1.00 ಮಿ.ಮೀ. ಕಡಿಮೆ ಅಳತೆಗೆ ಉಜ್ಜಿಸಿ, ಅದೇ ಅಳತೆಯ ಬೇರಿಂಗ್ ಹಾಕುತ್ತಾರೆ. ನಾನು 0.50ಕ್ಕೆ ಉಜ್ಜಿಸಿದ ಮೇಲೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಅಂಗಡಿಗಳನ್ನು ಸುತ್ತಿದೆ. ಒಂದು ಅಂಗಡಿಯಲ್ಲಿ ಹಳೆಯ ದಾಸ್ತಾನಿನ 0.75ರ ಸೆಟ್ ಮಾತ್ರ ಸಿಕ್ಕಿತು. ಮತ್ತೆ ಉಜ್ಜಿಸಬೇಕಾಯಿತು: ಎರಡು ಸಲದ ಕೂಲಿ, ಜೊತೆಗೆ ಕ್ರ್ಯಾಂಕ್‌ನ ಆಯುಸ್ಸಿನಲ್ಲಿ ಒಂದು ಹಂತದ ನಷ್ಟ. ಮೊದಲು ಬೇರಿಂಗ್ ಸೆಟ್ ಕೊಂಡು, ಅದನ್ನೇ ಲೇತ್ ಅಂಗಡಿಗೆ ಒಯ್ದು, ‘ಇದಕ್ಕೆ ಹೊಂದುವಂತೆ ಉಜ್ಜಿಕೊಡಿ’ ಎಂದಿದ್ದರೆ ಇದಾಗುತ್ತಿರಲಿಲ್ಲ. ಪಿಸ್ಟನ್, ರಿಂಗ್, ಲೈನರ್‌ಗಳಿಗೂ ಇದೇ ಮಾತು.

ಡೀಸೆಲ್ ಪಂಪಿನ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. 1951ರಲ್ಲಿ ಸ್ಥಾಪನೆಯಾದ ಮೈಕೊ ಕಾರ್ಖಾನೆ ಆಡುಗೋಡಿಯಲ್ಲಿ ಪಂಪು, ನಾಜಲ್‌ಗಳನ್ನು ತಯಾರಿಸುತ್ತ ಬಂದದ್ದರಿಂದ (2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು), ಹಳೆಯ ಇನ್‌ಲೈನ್ ಪಂಪನ್ನು ಟೆಸ್ಟ್ ಬೆಂಚಿನ ಮೇಲಿಟ್ಟು ಆರೂ ಸಿಲಿಂಡರ್‌ಗಳಿಗೆ ಸಮನಾಗಿ ಡೀಸೆಲ್ ಹೋಗುವಂತೆ ಹೊಂದಿಸಬಲ್ಲ ಅನುಭವಿಗಳು ಈ ನಗರದಲ್ಲಿ ಸಿಗುತ್ತಾರೆ. ಪಂಪನ್ನು ಶೆಡ್ಡಿನಲ್ಲಿ ಬಿಚ್ಚಬೇಡಿ. ಹೊರಗಿನ ಕೊಳೆ ತೊಳೆದು, ಇಡಿಯಾಗಿ ಅವರ ಬಳಿಗೆ ಒಯ್ಯಿರಿ. ಹೊಗೆ ಉಗುಳುವ ಎಂಜಿನ್‌ಗೆ ‘ಬೋರ್ ಹೋಗಿದೆ’ ಎಂದು ತೀರ್ಪು ಕೊಡುವ ಮೊದಲು ಪಂಪ್ ಮತ್ತು ನಾಜಲ್ ಪರೀಕ್ಷೆ ಮುಗಿದಿರಬೇಕು.

ಹೊರಗಿನ ಅಂಗಡಿಗಳೊಂದಿಗೆ ವ್ಯವಹಾರ

ನನ್ನ ಗೇರ್ ಬಾಕ್ಸ್ ಒಂದು ಲೇತ್ ಅಂಗಡಿಯಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು. ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟು, ‘ಆದಾಗ ಹೇಳಿ, ಅವಸರವಿಲ್ಲ’ ಎಂದಿದ್ದೆ. ದಿನದ ದುಡಿಮೆಯ ಲಾರಿ ನಿಂತರೆ ಅದರ ಮಾಲೀಕರಿಗೆ ಅಂದೇ ನಷ್ಟ. ಅವರ ಕೆಲಸ ಮೊದಲಾಗುವುದು ನ್ಯಾಯವೇ. ಅವಸರವಿಲ್ಲವೆಂದವರ ಕೆಲಸ ಮೂಲೆಗೆ ಸೇರುತ್ತದೆ. ಭಾಗವನ್ನು ಅಂಗಡಿಗೆ ಒಯ್ಯುವ ಮೊದಲು ಅವರಿಗೆ ಯಾವ ವಾರ ಬಿಡುವಿದೆಯೆಂದು ಕೇಳಿ, ಆ ವಾರದವರೆಗೆ ಅದನ್ನು ಲಾರಿಯ ಮೇಲೆಯೇ ಇರಲು ಬಿಡಿ. ಏನು ಮಾಡಬೇಕು, ಏನು ಮಾಡಬಾರದು, ಯಾವ ದಿನ ಕೊಡಬೇಕು ಎಂಬ ಚೀಟಿ ಎರಡು ಪ್ರತಿಯಲ್ಲಿರಲಿ, ಮುಂಗಡ ಮೂರನೆಯ ಒಂದು ಭಾಗ ಮೀರದಿರಲಿ, ವಾರಕ್ಕೊಮ್ಮೆ ನೀವೇ ಹೋಗಿ ನಿಲ್ಲಿ. ಫೋನು ಸಾಲದು.

ಪೀಣ್ಯದಲ್ಲಿ ಮೆಷಿನಿಂಗ್, ಸ್ಯಾಂಡ್ ಬ್ಲಾಸ್ಟಿಂಗ್ ಎಲ್ಲವೂ ದೊರೆಯುತ್ತದೆ. ಬ್ಲಾಸ್ಟಿಂಗ್ ದಪ್ಪನೆಯ ಚಾಸಿಗೆ, ಡಿಸ್ಕ್‌ಗಳಿಗೆ ಒಳ್ಳೆಯದು. ಬಾನೆಟ್‌ನಂಥ ತೆಳು ತಗಡಿಗೆ ರಭಸದಿಂದ ಹೊಡೆಸಿದರೆ ಅದು ಸೊಟ್ಟಗಾಗಿ ಟಿಂಕರ್ ಕೆಲಸ ದುಪ್ಪಟ್ಟಾಗುತ್ತದೆ. ಶಿವಾಜಿನಗರದ ಗುಜರಿಗೆ ಹೋಗುವಾಗ ಬೇಕಾದ ಭಾಗಗಳ ಪಟ್ಟಿ ಹಿಡಿದೇ ಹೋಗಿ, ಪಟ್ಟಿಯಲ್ಲಿಲ್ಲದ್ದನ್ನು ಅಗ್ಗವೆಂದು ತರಬೇಡಿ. ನನ್ನ ಶೆಡ್ಡಿನಲ್ಲಿ ಇಂದಿಗೂ ಯಾವ ಲಾರಿಯದೆಂದು ತಿಳಿಯದ ಎರಡು ಸ್ಟೀರಿಂಗ್ ಬಾಕ್ಸ್‌ಗಳಿವೆ.

ಹಣ ಮತ್ತು ಗಂಟೆಗಳ ಲೆಕ್ಕ

ಬಿಡಿಭಾಗದ ಬೆಲೆಯನ್ನು ಎಲ್ಲರೂ ಬರೆದಿಡುತ್ತಾರೆ, ಕಾಲದ ಬೆಲೆಯನ್ನು ಬರೆಯುವುದಿಲ್ಲ. ಶೆಡ್ಡಿಗೆ ತಿಂಗಳಿಗೆ 8,000 ರೂಪಾಯಿ ಬಾಡಿಗೆಯಿದ್ದು ಕೆಲಸ ಹದಿನೆಂಟರ ಬದಲು ಐವತ್ತನಾಲ್ಕು ತಿಂಗಳಿಗೆ ಎಳೆದರೆ, ಹೆಚ್ಚುವರಿ ಬಾಡಿಗೆಯೇ 2,88,000 ರೂಪಾಯಿ. ಆ ಹಣದಿಂದ ಲಾರಿಗೆ ಒಂದು ತಗಡಿನ ತುಂಡೂ ಬಂದಿರುವುದಿಲ್ಲ. ಬನಶಂಕರಿಯಿಂದ ಮಾಗಡಿ ರಸ್ತೆಯಾಚೆಗೆ ಹೋಗಿಬರಲು ನನಗೆ ಎರಡೂವರೆ ಗಂಟೆ ಬೇಕು. ಊಟ, ಕೈ ತೊಳೆಯುವುದು, ಸಾಮಾನು ಎತ್ತಿಡುವುದು ಕಳೆದರೆ ಒಂದು ಭಾನುವಾರದಲ್ಲಿ ನಿಜವಾಗಿ ಸಿಗುವುದು ನಾಲ್ಕು ಗಂಟೆ. ಹದಿನೆಂಟು ತಿಂಗಳಲ್ಲಿ ಸುಮಾರು 78 ಭಾನುವಾರ. ಮದುವೆ, ಹಬ್ಬ, ಜ್ವರಗಳಿಗೆ 18 ಬಿಟ್ಟರೆ 60, ಅಂದರೆ 240 ಗಂಟೆ. ನಿಮ್ಮ ನಿರ್ಧಾರ ಪತ್ರದ ಕೆಲಸಗಳ ಎದುರು ಗಂಟೆಗಳನ್ನು ಬರೆದು ಕೂಡಿಸಿ ನೋಡಿ. ಮೊತ್ತ 240ನ್ನು ಮೀರಿದರೆ, ಪತ್ರವನ್ನು ಇಂದೇ ಚಿಕ್ಕದಾಗಿಸಿ, ಇಲ್ಲವೇ ಕೂಲಿ ಕೊಟ್ಟು ಮಾಡಿಸುವ ಕೆಲಸಗಳನ್ನು ಹೆಚ್ಚಿಸಿ. ಒಟ್ಟು ಹಣದಲ್ಲಿ ಮೂರನೆಯ ಒಂದು ಭಾಗವನ್ನು ಯಾವ ಕೆಲಸಕ್ಕೂ ಹಂಚದೆ ಬೇರೆ ಖಾತೆಯಲ್ಲಿಡಿ. ತಪಾಸಣೆಯಲ್ಲಿ ಕಾಣದೆ ಉಳಿದ ದೋಷಗಳು ಅದನ್ನು ಕೇಳಿಯೇ ಕೇಳುತ್ತವೆ.

ಗಡುವಿಗೆ ನಮ್ಮಲ್ಲಿ ಆಯುಧಪೂಜೆಗಿಂತ ಒಳ್ಳೆಯ ದಿನವಿಲ್ಲ. ಮೊದಲ ಆಯುಧಪೂಜೆಗೆ ಬ್ರೇಕ್ ಹಿಡಿದು ಉರುಳುವ ಲಾರಿ, ಎರಡನೆಯದಕ್ಕೆ ತನ್ನ ಶಕ್ತಿಯಿಂದಲೇ ನಿಂಬೆಹಣ್ಣಿನ ಮೇಲೆ ಹತ್ತುವ ಲಾರಿ ಎಂದು ಇಟ್ಟುಕೊಂಡರೆ ಮನೆಯವರೂ ಸ್ನೇಹಿತರೂ ಆ ಗಡುವನ್ನು ನೆನಪಿಟ್ಟುಕೊಳ್ಳುತ್ತಾರೆ.

ಬಣ್ಣದ ಕೆಲಸವನ್ನು ಜನವರಿಯಿಂದ ಏಪ್ರಿಲ್‌ನೊಳಗೆ ಮುಗಿಸಿ. ಸೆಪ್ಟೆಂಬರ್ ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು. ತೇವದ ಗಾಳಿಯಲ್ಲಿ ಹೊಡೆದ ಎನ್.ಸಿ. (ನೈಟ್ರೊಸೆಲ್ಯುಲೋಸ್) ಬಣ್ಣದ ಮೇಲೆ ಬಿಳಿಯ ಮಬ್ಬು ಕಟ್ಟುತ್ತದೆ. ಪುಟ್ಟಿ ಕಡಿಮೆ, ತಗಡಿನ ಕೆಲಸ ಹೆಚ್ಚು ಇರಲಿ. ತೊಟ್ಟಿಯ ಹಲಗೆಗಳ ಮೇಲಿನ ಹೂಬಳ್ಳಿ, ಕನ್ನಡದ ಅಕ್ಷರಗಳನ್ನು ಬ್ರಷ್ ಹಿಡಿದು ಬರೆಯುವ ಕಲಾವಿದರು ಈಗ ಕಡಿಮೆಯಾಗುತ್ತಿದ್ದಾರೆ. ಸ್ಟಿಕ್ಕರ್ ಅಂಟಿಸದೆ ಅವರನ್ನೇ ಹುಡುಕಿ ಬರೆಸಬೇಕೆಂಬುದು ನನ್ನ ಮನವಿ. ನಿರ್ಧಾರ ಪತ್ರದಲ್ಲಿ ಹಣ ಉಳಿಸಬಹುದಾದ ಜಾಗಗಳು ಬೇರೆ ಬಹಳಷ್ಟಿವೆ.

ಕೊನೆಯ ಹೆಜ್ಜೆ: ಓಡಿಸಿ ನೋಡುವುದು

ನೋಂದಣಿ ಮತ್ತು ವಿಮೆ ಜಾರಿಯಲ್ಲಿರುವಾಗ ಮಾತ್ರ ರಸ್ತೆಗೆ ಇಳಿಸಿ. ಮೊದಲ ದಿನ 5 ಕಿ.ಮೀ., ಹಿಂಬಾಲಿಸುವ ಇನ್ನೊಂದು ವಾಹನದೊಂದಿಗೆ. ನಿಲ್ಲಿಸಿ ನಾಲ್ಕೂ ಕಡೆಯ ಡ್ರಮ್‌ಗಳ ಬಿಸಿಯನ್ನು ನೋಡಿ, ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಎರಡನೆಯ ದಿನ 25 ಕಿ.ಮೀ. ಓಡಿಸಿದ ಬಳಿಕ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ, 100 ಕಿ.ಮೀ. ಆದಾಗ ಇನ್ನೊಮ್ಮೆ. ಎಂಜಿನ್ ಬಿಚ್ಚಿ ಕೂಡಿಸಿದ್ದರೆ ಹೆಡ್ ಬೋಲ್ಟುಗಳನ್ನು ಮೇಸ್ತ್ರಿಯ ಸಮ್ಮುಖದಲ್ಲಿ ಟಾರ್ಕ್ ರೆಂಚ್‌ನಿಂದ ಪುನಃ ಪರೀಕ್ಷಿಸಿ, 500 ಕಿ.ಮೀ.ಗೆ ಆಯಿಲ್ ಬದಲಿಸಿ.

‘ಹೇಗೂ’ ಪುಸ್ತಕವನ್ನು ಲಾರಿ 1,000 ಕಿ.ಮೀ. ಓಡಿದ ಮೇಲೆಯೇ ತೆರೆಯಿರಿ, ಮತ್ತು ಒಂದು ಸಲಕ್ಕೆ ಒಂದೇ ಕೆಲಸವನ್ನು ಅದರಿಂದ ಆರಿಸಿಕೊಳ್ಳಿ. ನನ್ನ ಪುಸ್ತಕದಲ್ಲಿ 41 ಬಯಕೆಗಳಿದ್ದವು. ಮೈಸೂರಿಗೆ ಎರಡು ಸಲ, ಕೋಲಾರಕ್ಕೆ ಒಂದು ಸಲ ಹೋಗಿಬಂದು ಕೂತು ಓದಿದಾಗ, ಚಾಲಕನ ಬದಿಯ ಕಿಟಕಿಯ ರಬ್ಬರು, ಬೆಳಕು ಸಾಲದ ಹೆಡ್‌ಲೈಟ್‌ನ ವೈರು, ಸೀಟಿನ ಸ್ಪ್ರಿಂಗು ಈ ಮೂರನ್ನು ಗುರುತು ಹಾಕಿ, ಉಳಿದವುಗಳ ಮೇಲೆ ಗೆರೆ ಎಳೆದೆ.